ಹಳದಿ ಚೀಲದ ಮೇಲಿನ ಚೀಟಿ

ಲಿಂಗಸುಗೂರಿನಲ್ಲಿ ನಮ್ಮ ಮನೆತನ ಮೂರು ತಲೆಮಾರಿನಿಂದ ಮರ್ಯಾದೆಯಿಂದ ಬಾಳಿದೆ. ಇನ್ನೊಬ್ಬರ ಅಂಗಳಕ್ಕೆ ನಾವು ಕಸ ಎಸೆದವರಲ್ಲ. ಸಿಂಧನೂರಿನ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿರುವ ನಾನು ಹುಸೇನಮ್ಮನಿಗೆ ಹೇಳಿದ್ದೂ ಇದನ್ನೇ. ಕನ್ನಡ, ಉರ್ದು, ತೆಲುಗು ಮೂರರಲ್ಲೂ ಜಗಳವಾಡಬಲ್ಲ ಆಕೆ, ಕಾಲುವೆ ಪಕ್ಕದ ಓಣಿಯ ಹೆಂಗಸರನ್ನೆಲ್ಲ ಕರೆತಂದು, ನನ್ನ ಮೇಜಿನ ಮುಂದೆ ಆಸ್ಪತ್ರೆಯ ಕಸ ತುಂಬುವ ಒಂದು ಹಳದಿ ಚೀಲ ಇಟ್ಟಿದ್ದಳು.

“ನಮ್ಮ ಬೋರಿನ ಹತ್ರ ಬಿದ್ದಿತ್ತರೀ. ದಿನಾ ಇಂಥಾವು ಬೀಳ್ತಾವ. ಒಳಗ ರಕ್ತದ ಬಟ್ಟಿ ಅದಾವ. ಇಡೀ ಓಣಿ ಅದೇ ನೀರು ಕುಡಿತೈತಿ.”

“ಇದು ನಮ್ಮದೇ ಅನ್ನಲು ಪುರಾವೆ ಏನು?”

ಆಕೆ ಚೀಲ ತಿರುಗಿಸಿದಳು. ಅಂಟಿಸಿದ ಚೀಟಿಯಲ್ಲಿ ವಾರ್ಡು, ತಾರೀಖು, ಕಾನ್ವೆಂಟಿನಲ್ಲಿ ತಿದ್ದಿದ ನನ್ನ ದುಂಡನೆಯ ಅಕ್ಷರ. ಚೀಟಿಯಿಲ್ಲದೆ ಚೀಲ ಹೊರಹೋಗಬಾರದೆಂಬ ನಿಯಮವೂ ನನ್ನದೇ.

“ಬ್ಯಾರೆ ದವಾಖಾನಿ ಚೀಲಕ್ಕ ಚೀಟೀನೇ ಇರೂದಿಲ್ಲರೀ ಅಕ್ಕಾರ. ನೀವು ಶಿಸ್ತಿನೋರು ಅಂತ ನಮಗ ವಿಳಾಸ ಸಿಕ್ತು ನೋಡ್ರಿ.”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಾನು ಎದ್ದು ನಿಂತು ಕ್ಷಮೆ ಕೇಳಿದೆ. ಅಭ್ಯಾಸವಿರಲಿಲ್ಲ, ಎರಡು ಸಲ ಹೇಳಬೇಕಾಯಿತು.

ಚೀಲ ಒಯ್ಯುವ ಮಸ್ಕಿಯ ಗುತ್ತಿಗೆದಾರ ಮಾತ್ರ, ಅದು ಗಾಡಿಯಿಂದ ತಾನಾಗಿಯೇ ಬಿತ್ತು ಎನ್ನುತ್ತಾನೆ. ದಿನಾ ಅದೇ ಬೋರಿನ ಹತ್ತಿರವೇ ಬೀಳುವಷ್ಟು ಶಿಸ್ತು ನಾನು ಚೀಲಗಳಿಗೆ ಕಲಿಸಿಲ್ಲ. ಅವನು ಹುಸೇನಮ್ಮನ ಅಂಗಳಕ್ಕೆ ಬಂದು ಕ್ಷಮೆ ಕೇಳಬೇಕು.