ಪಟಗದ ಇನ್ನೊಂದು ತುದಿ

ನನ್ನ ಮೊಮ್ಮಗಳಿಗೆ ಒಂದು ದಿನವೂ ತಾನು ತಾನಾಗಿರಲು ಪುರಸೊತ್ತಿಲ್ಲ. ಬೆಳಿಗ್ಗೆ ನನ್ನ ಇಳಕಲ್ ಸೀರೆ ಸುತ್ತಿಕೊಂಡು ಮದುಮಗಳು. ಮಧ್ಯಾಹ್ನ ಅಪ್ಪನ ಅಂಗಿ ತೊಟ್ಟು, ಪಾಟಿಚೀಲ ಹೆಗಲಿಗೇರಿಸಿ ಎಸ್‌ಟಿ ಬಸ್ಸಿನ ಕಂಡಕ್ಟರ್. ಮರಾಠಿ ಗಡಿಯ ಊರು ಕುಂಭಾರಿಯ ನಮ್ಮ ಮನೆಯ ಕಟ್ಟೆಯೇ ಬಸ್ಸು. "ಪುಢೇ ಚಲಾ, ಪುಢೇ ಚಲಾ! ವಳಸಂಗ, ಅಕ್ಕಲಕೋಟ!" ಎಂದು ಮರಾಠಿಯಲ್ಲಿ ಜನರನ್ನು ಮುಂದಕ್ಕೆ ಸರಿಸುತ್ತ ಕೂಗಿ, ಕಾಳು ಆರಿಸುತ್ತ ಕೂತ ನನ್ನ ಮುಂದೆ ಬಂದು ನಿಲ್ಲುತ್ತಾಳೆ. "ಆಯಿ, ತಿಕೀಟ ತಗೋ, ಇಲ್ಲಂದ್ರ ಇಳಿ." ನನ್ನ ಕಟ್ಟೆಯಿಂದ ನನ್ನನ್ನೇ ಇಳಿಸುವ ಧಿಮಾಕು ನೋಡಿ!

ಮನೆಯಲ್ಲಿ ಅವಳು ಏನನ್ನು ಬೇಕಾದರೂ ಮುಟ್ಟಬಹುದಿತ್ತು, ಪಡಸಾಲೆಯ ಗೂಟದಲ್ಲಿದ್ದ ಅವಳ ಮುತ್ಯಾನ ತಲೆಯ ರುಮಾಲು, ಆ ಪಟಗವೊಂದನ್ನು ಬಿಟ್ಟು. ಹೋದ ವರ್ಷ ನನ್ನ ಗಂಡ ಅಕ್ಕಲಕೋಟದ ಬಜಾರಿನಿಂದ ಬಂದವರು, ತಲೆಯ ಪಟಗವನ್ನು ಬಿಚ್ಚದೆ ಹಾಗೇ ಗೂಟಕ್ಕಿಟ್ಟು ಮಲಗಿದರು, ಮರುದಿನ ಏಳಲಿಲ್ಲ. ಆ ಸುತ್ತು ಅವರ ಕೈಯದು. ಒಮ್ಮೆ ಬಿಚ್ಚಿದರೆ ಮತ್ತೆ ಹಾಗೆ ಸುತ್ತುವವರಿಲ್ಲ. ಧೂಳನ್ನು ಕೂಡ ನಾನು ಬಾಯಿಂದ ಊದಿಯೇ ತೆಗೆಯುತ್ತಿದ್ದೆ.

ಮೊನ್ನೆ ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅಂಗಳದಿಂದ, "ಏನ, ಚಾ ಆತೇನ?" ಎಂಬ ದನಿ. ಅವರದೇ ಗತ್ತು! "ಇಟ್ಟೀನ್ರೀ, ಬಂದೆ" ಎಂದುಬಿಟ್ಟೆ. ಅಂದ ಮೇಲೆ ಅವರಿಲ್ಲದ್ದು ನೆನಪಾಗಿ, ಹಿಟ್ಟಿನ ಕೈಯಲ್ಲೇ ಎದ್ದೆ. ಹೊರಗೆ ಬಂದು ನೋಡಿದರೆ ಕಾಡಿಗೆಯ ಮೀಸೆ ಬರೆದುಕೊಂಡು, ತಲೆಯ ಮೇಲೆ ಪಟಗ ಹೊತ್ತು ಮೊಮ್ಮಗಳು ನಿಂತಿದ್ದಾಳೆ. ನಗು ಇನ್ನೂ ಬಾಯಿಗೆ ಬಂದಿರಲಿಲ್ಲ, ಪಟಗ ಅವಳ ಕಣ್ಣಿನ ಮೇಲೆ ಜಾರಿ, ಕಿವಿ ದಾಟಿ, ಅಂಗಳದ ತುಂಬ ಬಿಚ್ಚಿಕೊಂಡು ಬಿತ್ತು.

"ಅಯ್ಯ ನನ್ನ ಶಿವನ! ಏನ ಮಾಡಿದ್ಯಬೇ!"

ನಾನು ಕೂಗಿದ ರಭಸಕ್ಕೆ ಕಟ್ಟೆಯ ಮೇಲಿನ ಬೆಕ್ಕೂ ಓಡಿತು. ಹುಡುಗಿ ಅಳತೊಡಗಿದಳು. ಮೀಸೆ ಕರಗಿ ಗಲ್ಲಕ್ಕಿಳಿಯಿತು.

"ಸಿಟ್ಟಾಗಬ್ಯಾಡ ಆಯಿ. ಮತ್ತ ಸುತ್ತಿ ಇಡು."

"ನನಗೆಲ್ಲಿ ಸುತ್ತಾಕ ಬರತೈತಿ? ನಾ ಬರೇ ತುದಿ ಹಿಡೀತಿದ್ದೆ."

ನಿಜವೇ. ಮದುವೆಯಾದಾಗಿನಿಂದ ಪ್ರತಿ ಬೆಳಿಗ್ಗೆ ಅವರು ಅಂಗಳದ ಆ ಕಡೆ, ನಾನು ಬಾಗಿಲಲ್ಲಿ. ನಾನು ತುದಿ ಬಿಗಿಹಿಡಿದರೆ ಅವರು ತಲೆಗೆ ಸುತ್ತುತ್ತ ಸುತ್ತುತ್ತ ನನ್ನ ಹತ್ತಿರ ಬರುತ್ತಿದ್ದರು. "ಲಗೂನ ಸುತ್ತರಿ, ರೊಟ್ಟಿ ಸೀಯಾಕತ್ತೈತಿ" ಎಂದು ನಾನು ದಿನಾ ಗೊಣಗುತ್ತಿದ್ದೆ. ಅವರು ಬೇಕಂತಲೇ ತಡ ಮಾಡುತ್ತಿದ್ದರು.

"ಹಂಗಾರ ತುದಿ ಹಿಡಿ" ಎಂದಳು ಮೊಮ್ಮಗಳು, ಮೂಗು ಒರೆಸಿಕೊಂಡು. ಇನ್ನೊಂದು ತುದಿ ಎತ್ತಿಕೊಂಡು ತಾನೇ ಅಂಗಳದ ಆ ಕಡೆ ಹೋದಳು.

ನಾನು ಬಾಗಿಲಲ್ಲಿ ನಿಂತೆ. ಅವಳು ಅಡ್ಡಾದಿಡ್ಡಿ ಸುತ್ತಿಕೊಳ್ಳತೊಡಗಿದಳು. ಬಟ್ಟೆ ನನ್ನ ಕೈಯನ್ನು ಜಗ್ಗಿತು. ಅವರು ಹೋದ ಮೇಲೆ ಆ ಕಡೆಯಿಂದ ಯಾರೂ ಹೀಗೆ ಜಗ್ಗಿರಲಿಲ್ಲ. ಕಣ್ಣು ತುಂಬಿ ಅಂಗಳವೇ ಕಾಣದಾಯಿತು.

"ಆಯಿ, ಬಿಗಿ ಹಿಡಿ!"

ಒಳಗೆ ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಸೀದರೆ ಸೀಯಲಿ ಎಂದುಕೊಂಡೆ.

"ಸಾವಕಾಶ ಸುತ್ತವ್ವಾ" ಎಂದೆ.