ಬೇಡ ಎಂದು ಒತ್ತಿದ ಸಾಲು

ನಾನು ಕನ್ನಡಕದ ಗಾಜು ತಿಕ್ಕುವವನು. ಅಂಗಡಿಯ ಮುಂಭಾಗದಲ್ಲಿ ಮಾಲೀಕರು ಗಿರಾಕಿಗಳ ಮೂಗಿನ ಮೇಲೆ ಫ್ರೇಮು ಕೂರಿಸಿ ಕನ್ನಡಿ ಹಿಡಿಯುತ್ತಾರೆ; ಹಿಂದಿನ ಕೋಣೆಯಲ್ಲಿ, ನೀರು ತೊಟ್ಟಿಕ್ಕುವ ತಿರುಗುಗಲ್ಲಿನ ಮುಂದೆ, ನಾನು ಗಾಜಿನ ಅಂಚು ಸವೆಸುತ್ತೇನೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವುದನ್ನು ಕಂಡರೂ ಇದರಲ್ಲಿ ಇನ್ನೆಷ್ಟು ತೆಗೆಯಬಹುದು ಎಂದು ಕೈ ತುರಿಸುತ್ತದೆ.

ಆ ತುರಿಕೆಗೆ ಸಿಕ್ಕಿದ್ದು ಅಂಗಡಿಯವರು ಎಸೆಯಲು ತೆಗೆದಿಟ್ಟಿದ್ದ ಹಳೆಯ ಕಂಪ್ಯೂಟರು. ಮನೆಗೆ ತಂದು ನಡುಮನೆಯ ಕಿಟಕಿಯ ಕೆಳಗಿಟ್ಟೆ. ಗುಂಡಿ ಒತ್ತಿ, ಹೋಗಿ ಮುಖ ತೊಳೆದು ಬಂದರೂ ಅದು ಇನ್ನೂ ಆಕಳಿಸುತ್ತಿತ್ತು. ದಪ್ಪ ಗಾಜನ್ನು ತೆಳ್ಳಗೆ ಮಾಡಿಸಲು ಅಂಗಡಿಗೆ ಬಂದಿದ್ದ ಕಾಲೇಜಿನ ಲ್ಯಾಬಿನವರೊಬ್ಬರು, "ಕರ್ನಲ್ ನೀವೇ ಕಟ್ಕೊಳ್ಳಿ, ಹಗುರಾಗತ್ತೆ" ಎಂದರು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು. ಪರದೆ, ಕೀಲಿಮಣೆ, ತಂತಿ ಚುಚ್ಚಿದ ಪ್ರತಿಯೊಂದು ಸಾಮಾನನ್ನೂ ಮಾತಾಡಿಸುವುದು ಅದೇ. ಸಿದ್ಧವಾಗಿ ಸಿಗುವ ಕರ್ನಲ್, ಯಾರ ಮನೆಯಲ್ಲಿ ಏನಿದೆಯೋ ಎಂದು ಎಲ್ಲದಕ್ಕೂ ಜಾಗ ಇಟ್ಟುಕೊಂಡಿರುತ್ತದೆ. ನಾವೇ ಕಟ್ಟಿಕೊಳ್ಳುವುದಾದರೆ ಸಾವಿರಾರು ಸಾಲುಗಳ ಪಟ್ಟಿ ತೆರೆದು, ಒಂದೊಂದಕ್ಕೂ ಬೇಕು, ಬೇಡ ಎಂದು ಒತ್ತುತ್ತ ಹೋಗಬೇಕು. ಆಮೇಲೆ ಕಂಪೈಲ್ ಮಾಡಲು ಬಿಟ್ಟರೆ ನಾಲ್ಕೈದು ತಾಸಿನಲ್ಲಿ ನಮ್ಮ ಯಂತ್ರದ ಅಳತೆಗೇ ಹೊಲಿದ ಕರ್ನಲ್ ಸಿಗುತ್ತದೆ.

ಅಂದಿನಿಂದ ನನ್ನ ಭಾನುವಾರಗಳೆಲ್ಲ ಅದಕ್ಕೇ ಹೋದವು. ಪಟ್ಟಿಯಲ್ಲಿ ಒಂದಿಷ್ಟು ಬೇಡ ಎನ್ನುವುದು, ಕಂಪೈಲ್ ಮಾಡುವುದು, ಯಂತ್ರ ಏಳಲು ಎಷ್ಟು ಸೆಕೆಂಡು ಹಿಡಿಯಿತೆಂದು ಕೈಗಡಿಯಾರ ಹಿಡಿದು ನೋಡುವುದು. ಒಮ್ಮೆ ಧ್ವನಿ ಸತ್ತಿತು, ಒಮ್ಮೆ ಪರದೆಯೇ ಕಪ್ಪಾಯಿತು. ಹಳೆಯ ಕರ್ನಲನ್ನೂ ಪಕ್ಕದಲ್ಲಿ ಉಳಿಸಿಕೊಂಡಿದ್ದರಿಂದ ಬಚಾವಾದೆ. "ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ," ಎಂದು ನನ್ನ ಹೆಂಡತಿ ನಗುತ್ತಿದ್ದಳು. ನಮಗೆ ಮಕ್ಕಳಿಲ್ಲ, ಹಾಗಾಗಿ ಯಾರಿಗೂ ಅಪಾಯವಿಲ್ಲ ಎಂದು ನಾನೂ ನಗುತ್ತಿದ್ದೆ.

ಆದರೆ ಮನೆಯಲ್ಲಿ ಅಕ್ಕ ಇದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹೊಲಿಗೆಯಂತ್ರ ತುಳಿದು ನನ್ನನ್ನು ಓದಿಸಿದವಳು. ಐವತ್ತು ದಾಟಿದ ಮೇಲೆ ಅವಳ ಎರಡೂ ಕೈಗಳ ನರ ಸೋಲುತ್ತ ಬಂದು, ಸೂಜಿ ಹಿಡಿಯಲಾಗದೆ ನಮ್ಮಲ್ಲಿಗೆ ಬಂದಳು. ಸುಮ್ಮನೆ ಕೂರುವ ಜೀವವಲ್ಲ ಅದು. ಕಸೂತಿ ಅಂಗಡಿಯಾಕೆಗೆ ಹೂವು, ಬಳ್ಳಿ, ಹಕ್ಕಿಗಳ ನಕ್ಷೆ ಮಾಡಿಕೊಡಲು ಹಿಡಿದಳು. ಅದೇ ಕಂಪ್ಯೂಟರಿನ ಪರದೆಯ ಮೇಲೆ ಚೌಕಳಿ, ಒಂದೊಂದು ಮನೆಗೂ ಒಂದೊಂದು ಬಣ್ಣ. ಮೌಸ್ ಹಿಡಿದರೆ ನಡುಕಕ್ಕೆ ಬಾಣ ಎಲ್ಲೆಲ್ಲೋ ಹಾರುತ್ತಿತ್ತು. ಅಂಗಡಿಯಾಕೆಯೇ ತಮ್ಮ ಮಕ್ಕಳು ಆಡಿ ಬಿಟ್ಟ ಜಾಯ್‌ಸ್ಟಿಕ್ ತಂದುಕೊಟ್ಟರು. ಅದರ ಕೋಲಿನ ಮೇಲೆ ಅಂಗೈ ಇಟ್ಟು ಚೂರೇ ಚೂರು ವಾಲಿಸಿದರೂ ಬಾಣ ನಿಧಾನವಾಗಿ ಸರಿಯುತ್ತಿತ್ತು. ಒಂದು ನವಿಲಿಗೆ ಅವಳಿಗೆ ಹದಿನೈದು ದಿನ ಬೇಕಾಗುತ್ತಿತ್ತು.

ಆ ಭಾನುವಾರ ನಾನು ಹುರುಪಿನಲ್ಲಿದ್ದೆ. ಪಟ್ಟಿಯಲ್ಲಿ ಜಾಯ್‌ಸ್ಟಿಕ್ ಎಂಬ ಸಾಲು ಬಂತು. ಆಟದ ಸಾಮಾನು, ನಮ್ಮನೆಯಲ್ಲಿ ಆಡುವವರು ಯಾರು ಎಂದುಕೊಂಡು ಬೇಡ ಎಂದು ಒತ್ತಿದೆ. ಆ ಕೋಲು ನನ್ನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅದರ ಮೇಲೆ ಧೂಳು ಕೂರದಿರಲೆಂದು ಅಕ್ಕ ಹೊದಿಸಿದ್ದ ಬಟ್ಟೆಯೂ ಇತ್ತು. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವ ನನಗೆ ಅದು ಕಾಣಲಿಲ್ಲ.

ಸಂಜೆ ಯಂತ್ರ ಹನ್ನೊಂದು ಸೆಕೆಂಡಿಗೆ ಎದ್ದಿತು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ಅಕ್ಕಾ, ಇನ್ಮೇಲೆ ಇದು ತಪ್ಪು ಮಾಡೋ ಮಾತೇ ಇಲ್ಲ ನೋಡು," ಎಂದು ಜಂಬ ಕೊಚ್ಚಿಕೊಂಡೆ. ಅವಳು, "ನನ್ನ ತಮ್ಮ ಅಂದ್ರೆ ಏನು ಸಾಮಾನ್ಯಾನಾ!" ಎಂದಳು.

ಎರಡು ವಾರದ ಬಳಿಕ ಕಸೂತಿ ಅಂಗಡಿಯಾಕೆ ಕನ್ನಡಕ ಸರಿಮಾಡಿಸಲು ನಮ್ಮ ಅಂಗಡಿಗೆ ಬಂದರು. "ನಿಮ್ಮಕ್ಕ ಕೆಲಸ ಬಿಟ್ಬಿಟ್ರಲ್ಲಾ, ತುಂಬಾ ಬೇಜಾರಾಯ್ತು. ಕೈ ಪೂರ್ತಿ ಹೋಯ್ತು ಅಂತ ಫೋನಲ್ಲಿ ಅತ್ರು. ನಾನೂ ಬೇರೆಯವ್ರಿಗೆ ಒಪ್ಪಿಸ್ಬಿಟ್ಟೆ," ಎಂದರು. ಮಾಲೀಕರಿಗೆ ಏನೋ ನೆಪ ಹೇಳಿ ಮನೆಗೆ ಓಡಿದೆ.

ಅಕ್ಕ ಒಳಗೆ ಮಲಗಿದ್ದಳು. ಕೋಲು ಮೇಜಿನ ಖಾನೆಯೊಳಗೆ, ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ತೆಗೆದು ಚುಚ್ಚಿ ನನ್ನ ಗಟ್ಟಿಮುಟ್ಟಾದ ಕೈಯಿಂದ ವಾಲಿಸಿದೆ. ಬಾಣ ಕದಲಲಿಲ್ಲ. ಹಳೆಯ ಕರ್ನಲಿನಲ್ಲಿ ಯಂತ್ರವನ್ನು ಎಬ್ಬಿಸಿದೆ, ಬಾಣ ಸರ್ರನೆ ಓಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ದಿನ ಒತ್ತಿದ್ದೇನೆ ಅನ್ನಿಸುತ್ತದೆ, ಆದರೆ ಬಲ ಬೆರಳಿಗೆ ತಲುಪಿರುವುದಿಲ್ಲ ಎಂದು ಡಾಕ್ಟರು ಅವಳಿಗೆ ಮೊದಲೇ ಹೇಳಿದ್ದರು. ಆ ದಿನ ಬಂತು ಎಂದುಕೊಂಡು ಅವಳು ಖಾನೆ ಮುಚ್ಚಿದ್ದಳು. ಯಂತ್ರದ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ. ಬಾರದಂತೆ ಮಾಡಿದವನು ನಾನೇ.

ಮರುದಿನ ರಜೆ ಹಾಕಿ, ಆ ಸಾಲಿಗೆ ಬೇಕು ಎಂದು ಒತ್ತಿ, ಮತ್ತೆ ಕಂಪೈಲ್ ಮಾಡಿದೆ. ಸಂಜೆ ಅಕ್ಕನನ್ನು ಕರೆದೆ. "ಒಂದ್ಸಲ ಕೈ ಇಟ್ಟು ನೋಡು."

"ಬೇಡ ಬಿಡೋ."

"ನನಗೋಸ್ಕರ."

ಅಂಗೈ ಇಟ್ಟಳು. ಬಾಣ ಸರಿಯಿತು. "ಬಂತು ಕಣೋ! ಕೈ ಬಂತು!" ಎಂದು ಕೂಗಿದಳು. ಅಕ್ಕ ನಮ್ಮಲ್ಲಿಗೆ ಬಂದಾಗಲೇ ಅವಳಿಗೊಂದು ರಬ್ಬರ್ ಚೆಂಡು ತಂದುಕೊಟ್ಟಿದ್ದ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದು, "ನಾನು ಹೇಳಿರ್ಲಿಲ್ವಾ ಅತ್ತಿಗೆ, ರಬ್ಬರ್ ಚೆಂಡು ಹಿಸುಕಿದ್ರೆ ಬರತ್ತೆ ಅಂತ!" ಎಂದಳು. ಇಬ್ಬರೂ ಅಪ್ಪಿಕೊಂಡು ಅತ್ತರು. ಹೇಳಬೇಕಾದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೇಳಿದ್ದು, "ಹೌದಲ್ಲಾ ಅಕ್ಕಾ!" ಎಂದು. ನನ್ನ ಬದುಕಿನಲ್ಲಿ ಅಷ್ಟು ಹೇಡಿಯಾಗಿ ಎಂದೂ ಬಾಯಿ ತೆರೆದಿರಲಿಲ್ಲ.

ಆಮೇಲೆ ಅಕ್ಕ ಬೆಳಗಿನಿಂದ ಸಂಜೆವರೆಗೆ ಆ ಚೆಂಡನ್ನು ಹಿಸುಕಿದಳು. ಕೀಲು ಊದಿಕೊಂಡವು. "ಅತಿ ಮಾಡ್ಬೇಡ," ಎಂದೆ. "ಹೋದ ಕೈ ವಾಪಸ್ ಬಂದಿದೆ, ಬಿಡ್ತೀನಾ?" ಎಂದಳು.

ತಿಂಗಳ ತಪಾಸಣೆಗೆ ಕರೆದುಕೊಂಡು ಹೋದವನೂ ನಾನೇ. ಡಾಕ್ಟರು ಹಿಡಿತ ಅಳೆಯುವ ಉಪಕರಣ ಕೊಟ್ಟು ಹಿಸುಕಲು ಹೇಳಿದರು. ಕಳೆದ ಬಾರಿ ಎಷ್ಟಿತ್ತೋ ಅಷ್ಟೇ. ಅಕ್ಕ ಸಡಗರದಿಂದ ಎಲ್ಲ ಹೇಳಿದಳು. ಡಾಕ್ಟರ ಹುಬ್ಬು ಗಂಟಿಕ್ಕಿತು. "ಎರಡು ವಾರ ಪೂರ್ತಿ ನಿಂತು ಮತ್ತೆ ಬಂತಾ? ಈ ಕಾಯಿಲೇಲಿ ಹಾಗಾಗಲ್ಲಮ್ಮ. ತಲೇಲಿ ಬೇರೆ ಏನೋ ಆಗಿರ್ಬೇಕು. ಸ್ಕ್ಯಾನ್ ಮಾಡಿಸೋಣ. ಅಲ್ಲೀವರೆಗೆ ಒಂದು ಮಾತ್ರೆ ಬರೀತೀನಿ. ಸ್ವಲ್ಪ ಗಟ್ಟಿ ಮಾತ್ರೆ, ಮಂಪರು ಜಾಸ್ತಿ," ಎಂದು ಪೆನ್ನು ತೆಗೆದರು.

"ಬರೀಬೇಡಿ ಡಾಕ್ಟ್ರೇ," ಎಂದೆ. "ಅಕ್ಕನ ಕೈ ನಿಂತಿರ್ಲಿಲ್ಲ. ನಾನು ನಿಲ್ಲಿಸಿದ್ದೆ."

ಕರ್ನಲ್, ಪಟ್ಟಿ, ಕಂಪೈಲ್, ಎಲ್ಲವನ್ನೂ ತಡವರಿಸಿಕೊಂಡು ಹೇಳಿದೆ. ಡಾಕ್ಟರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ, ಪೆನ್ನು ಮುಚ್ಚಿದರು. ಅಕ್ಕನಿಗೆ ಪೂರ್ತಿ ಅರ್ಥವಾಯಿತು. ಊದಿದ ಬೆರಳುಗಳನ್ನು ಸೆರಗಿನೊಳಗೆ ಸರಿಸಿಕೊಂಡಳು.

ಬಸ್ಸು ಹತ್ತಿದೆವು. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕನೆಯ ನಿಲ್ದಾಣ ದಾಟಿದ ಮೇಲೆ, "ಎರಡು ವಾರ ಒಂದೇ ಮನೇಲಿದ್ವಿ," ಎಂದಳು. "ಯಾಕಕ್ಕಾ ಮೇಜಿನ ಹತ್ರ ಕೂರ್ತಿಲ್ಲ ಅಂತ ಒಂದು ಮಾತು ಕೇಳ್ಲಿಲ್ವಲ್ಲೋ."

ನಾನು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದೆ.

"ಅದನ್ನ ತೆಗ್ದಿದ್ರಿಂದ ಎಷ್ಟು ಸೆಕೆಂಡು ಉಳೀತು?"

ಕೈಗಡಿಯಾರ ಹಿಡಿದು ಮೂರು ಸಲ ಅಳೆದಿದ್ದೆ. ತೆಗೆದಾಗಲೂ ಹನ್ನೊಂದು, ಮತ್ತೆ ಸೇರಿಸಿದಾಗಲೂ ಹನ್ನೊಂದು.

"ಏನೂ ಉಳೀಲಿಲ್ಲ ಅಕ್ಕಾ," ಎಂದೆ.

ಕಸೂತಿಯ ಕೆಲಸ ತಿರುಗಿ ಬರಲಿಲ್ಲ. ಈಗ ಅವಳು ತನ್ನ ಖುಷಿಗೆ ಒಂದು ನವಿಲು ಬಿಡಿಸುತ್ತಿದ್ದಾಳೆ. ನಾನು ಪಟ್ಟಿ ತೆರೆಯುವುದನ್ನು ಬಿಟ್ಟೆ. ಯಂತ್ರ ಹಳೆಯದು, ಕೆಲವೊಮ್ಮೆ ತಾನಾಗಿಯೇ ಕ್ಷಣ ಹೊತ್ತು ತಡವರಿಸಿ ಬಾಣ ನಿಲ್ಲುತ್ತದೆ. "ಅದು ಯಂತ್ರದ್ದು ಅಕ್ಕಾ, ನಿನ್ನದಲ್ಲ," ಎಂದು ನಾನು ಕೂತಲ್ಲಿಂದಲೇ ಕೂಗುತ್ತೇನೆ. ಅಷ್ಟರಲ್ಲಿ ಅವಳು ತನ್ನ ಕೈ ನೋಡಿಕೊಂಡಾಗಿರುತ್ತದೆ.