ಉಣ್ಣೆ ಹೊದಿಕೆಗೆ ಅಂಟಿಸಿದ ಚೀಟಿ

ಕಳೆದ ವರ್ಷ ಮೂಡುಬಿದಿರೆಯಲ್ಲಿ ನಮ್ಮ ಮಹಿಳಾ ಮಂಡಲದ ಕರಕುಶಲ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಕೊಟ್ಟದ್ದು ಹೆಣಿಗೆ ವಿಭಾಗಕ್ಕೆ ಒಂದು ಹೊದಿಕೆ. ಅಂಗೈಯಗಲದ ಚೌಕಗಳು, ಒಂದೊಂದಕ್ಕೂ ಒಂದೊಂದು ಬಣ್ಣ, ಸುತ್ತ ಕಪ್ಪು ಅಂಚು. ತೀರ್ಪು ಕೊಡಲು ಬಂದ ಟೀಚರ್ ಅದನ್ನು ಸವರಿ, "ನೂಲು ಎಲ್ಲಿಂದ ತಂದದ್ದು?" ಎಂದು ಕೇಳಿದರು.

"ಕಾಲುಚೀಲ ಹೆಣೆದು ಉಳಿದದ್ದು ಟೀಚರ್," ಎಂದೆ. ಸುಳ್ಳು ಹೇಳಬೇಕಿತ್ತು.

"ಓ, ಉಳಿದದ್ದಾ! ಹಾಗಾದ್ರೆ ಇದನ್ನು 'ಕಸದಿಂದ ರಸ'ಕ್ಕೆ ಹಾಕುವ. ಅಲ್ಲಿ ಫಸ್ಟ್ ಬರ್ತದೆ ನೋಡಿ."

ನಾನು ಬೇಡ ಎನ್ನುವಷ್ಟರಲ್ಲಿ ಚೀಟಿ ಅಂಟಿಸಿ, ಹೊದಿಕೆಯನ್ನು ಆಚೆ ಮೇಜಿಗೆ ಸಾಗಿಸಿಯಾಗಿತ್ತು. ಒಂದು ಪಕ್ಕ ಶರಬತ್ತಿನ ಬಾಟಲಿಯ ಹೂದಾನಿ, ಇನ್ನೊಂದು ಪಕ್ಕ ಮದುವೆ ಕಾಗದ ಕತ್ತರಿಸಿ ಮಾಡಿದ ನವಿಲು.

ಕಸವಂತೆ, ಕಸ! ನನ್ನ ಗಂಡ ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ದುಡಿದದ್ದು ಮೀನು, ಮಾಂಸ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ. ಬೂಟು ಹಾಕಿದರೂ ಕಾಲ್ಬೆರಳು ಮರಗಟ್ಟುತ್ತದೆ ಎಂದು ಮೊದಲ ರಜೆಯಲ್ಲಿ ಒಮ್ಮೆ ಹೇಳಿದರು, ಮತ್ತೆ ಹೇಳಲಿಲ್ಲ. ನಾನು ಹೆಣೆಯಲು ಕೂತೆ. ಮೇ ತಿಂಗಳ ಸೆಖೆಯಲ್ಲಿ ಮಡಿಲಲ್ಲಿ ಉಣ್ಣೆ ಇಟ್ಟುಕೊಂಡಿದ್ದರೆ ನೆರೆಮನೆಯವಳು, "ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ?" ಎಂದು ನಗುತ್ತಿದ್ದಳು. ವರ್ಷಕ್ಕೆ ನಾಲ್ಕು ಜೊತೆ ಕಳಿಸಿದೆ. ಬೆಚ್ಚಗಾಯ್ತಾ ಎಂದು ಫೋನಿನಲ್ಲಿ ಕೇಳಿದರೆ "ಆಯ್ತು", ಅಷ್ಟೇ. ಪ್ರತಿ ಉಂಡೆಯ ಕೊನೆಯ ನೂಲನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟೆ. ಅವರು ಊರಿಗೆ ಬಂದು ನಿಂತ ಮೇಲೆ ಆ ಡಬ್ಬಿ ತೆರೆದು ಹೊದಿಕೆ ಹೆಣೆದೆ.

ಮೈಕಿನಲ್ಲಿ ನನ್ನ ಹೆಸರು ಕರೆದರು. "ಬೇಡದ ವಸ್ತುವಿನಿಂದ ಎಷ್ಟು ಚಂದದ ಹೊದಿಕೆ!" ಎಂದೂ ಹೇಳಿದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕರೆಯಲಿ, ಗಂಟಲು ಹರಿಯುವ ತನಕ ಕರೆಯಲಿ.

ಆಗ ಹಿಂದಿನ ಸಾಲಿನಿಂದ ಎದ್ದು ಹೋದದ್ದು ನನ್ನ ಗಂಡ. ನಾಲ್ಕು ಜನರೆದುರು ಬಾಯಿ ಬಿಡದ ಮನುಷ್ಯ. ಹೊದಿಕೆಯ ಮೇಲಿನ ಚೀಟಿ ಕಿತ್ತು ಮೇಜಿನ ಮೇಲಿಟ್ಟರು, ಹೊದಿಕೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡರು.

"ಬಹುಮಾನ ತೆಗೊಳ್ಳಿ ಅಣ್ಣ," ಎಂದರು ಟೀಚರ್.

"ಅದು ನಿಮ್ಮಲ್ಲೇ ಇರ್ಲಿ ಟೀಚರ್. ಕೋಲ್ಡ್ ಸ್ಟೋರೇಜಿನಲ್ಲಿ ನನ್ನ ಜೊತೆ ಕೆಲಸ ಮಾಡಿದವನದ್ದು ಕಾಲಿನ ಎರಡು ಬೆರಳು ಕತ್ತರಿಸಿದ್ದಾರೆ. ನನಗೆ ಹತ್ತೂ ಉಂಟು. ಇದೇ ನೂಲಿನ ಕಾಲುಚೀಲ ಹಾಕಿದ್ದಕ್ಕೆ."

ಮನೆಗೆ ಬರುವಾಗ ಬಸ್ಸಿನಲ್ಲಿ ಅವರ ಚಪ್ಪಲಿಯ ಕಡೆಗೇ ನೋಡುತ್ತ ಕೂತೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಈ ಮಾತನ್ನು ನನಗೆ ಹೇಳಬಾರದಿತ್ತೇ? ಟೀಚರ ಮೇಲಿನ ಸಿಟ್ಟು ಒಂದು ದಿನ ಇಳಿಯಬಹುದು. ಇವರ ಮೇಲಿನದ್ದು ಇಳಿಯುವುದಿಲ್ಲ.